ಬಿಸಿನೀರಿನ ತುರಿಕೆಯಿಂದ ಪಿಸಿವಿ 58ರವರೆಗೆ: ನನ್ನ ಏಳು ತಿಂಗಳ ಓಡಾಟ

ಹೋದ ವಾರ ನನ್ನ ಪಿಸಿವಿ, ಅಂದರೆ ರಕ್ತದಲ್ಲಿ ಕೆಂಪು ಕಣಗಳ ಪಾಲು, 44.1 ಬಂತು. ಸೆಪ್ಟೆಂಬರಿನಲ್ಲಿ ಅದೇ 58.4 ಇತ್ತು. ನಡುವೆ ಏನೇನಾಯಿತು ಅಂತ ನೆನಪು ಹಸಿಯಾಗಿರುವಾಗಲೇ ಬರೆದಿಡುತ್ತಿದ್ದೇನೆ. ನಮ್ಮ ಕಡೆ ರಕ್ತ ಕಮ್ಮಿ ಇರುವವರು ಮನೆಗೊಬ್ಬರು ಸಿಗುತ್ತಾರೆ. ರಕ್ತ ಜಾಸ್ತಿ ಆದವನು ಯಾರನ್ನು ಹೋಗಿ ಕೇಳಬೇಕು? ನನಗಂತೂ ಯಾರೂ ಸಿಗಲಿಲ್ಲ. ನಾನು ಡಾಕ್ಟರಲ್ಲ, ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರ, ವಯಸ್ಸು 54. ಔಷಧಿ ವಿಷಯ ನಿಮ್ಮ ಡಾಕ್ಟರನ್ನೇ ಕೇಳಿ. ಓಡಾಟದ ವಿಷಯ ನಾನು ಹೇಳುತ್ತೇನೆ.

ಶುರುವಾದದ್ದು ಬಚ್ಚಲಿನಲ್ಲಿ. ಜುಲೈ ತಿಂಗಳು, ಬಿಡದ ಮಳೆ. ತೋಟದಿಂದ ನೆನೆದು ಬಂದು ಹಂಡೆಯ ಕುದಿಕುದಿ ನೀರು ಬೆನ್ನಿಗೆ ಸುರಿದುಕೊಳ್ಳುವ ಸುಖ ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. ಆದರೆ ಆ ಸಲ ಮೈ ಒರೆಸಿಕೊಂಡು ಐದು ನಿಮಿಷ ಆಗುವಷ್ಟರಲ್ಲಿ ತುರಿಕೆ ಹತ್ತಿಕೊಳ್ಳುತ್ತಿತ್ತು. ಸಾವಿರ ಸೂಜಿ ಒಟ್ಟಿಗೆ ಚುಚ್ಚಿದ ಹಾಗೆ. ಗುಳ್ಳೆ ಇಲ್ಲ, ಪಿತ್ತಗಂಧೆ ಇಲ್ಲ, ಚರ್ಮ ನೋಡಿದರೆ ಏನೂ ಇಲ್ಲ. ಅರ್ಧ ಗಂಟೆ ಕುಣಿಸಿ ತಾನಾಗೇ ಹೋಗುತ್ತಿತ್ತು. ಅದು ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಸುವ ಕಾಲ, ಮನೆ ಅಂಗಳದಲ್ಲೇ ಸುಣ್ಣ, ಮೈಲುತುತ್ತ ಕಲಸುತ್ತಿದ್ದೆವು. ಮನೆಯವರೆಲ್ಲ ಮೈಲುತುತ್ತದ ಮೇಲೆ ಹಾಕಿದರು. ಶಿವಮೊಗ್ಗದಲ್ಲಿ ಚರ್ಮದ ಡಾಕ್ಟರೊಬ್ಬರಿಗೆ ತೋರಿಸಿದೆ. ಅಲರ್ಜಿ ಮಾತ್ರೆ, ಮುಲಾಮು, ಬೇರೆ ಸೋಪು. ಎರಡು ತಿಂಗಳು, 2,400 ರೂಪಾಯಿ, ತುರಿಕೆ ಇದ್ದಲ್ಲೇ ಇತ್ತು. ಬಿಸಿನೀರಿಗೇ ಬರುತ್ತದೆ ಅಂತ ನಾನು ಹೇಳಿದ್ದೆ. ಅವರು ಅದನ್ನು ಬರೆದುಕೊಳ್ಳಲಿಲ್ಲ.

ಇದರ ಜೊತೆ ಸಣ್ಣ ತಲೆನೋವು, ಕಿವಿಯಲ್ಲಿ ಗುಂಯ್ ಅನ್ನುವ ಶಬ್ದ. ಮುಖ ಕೆಂಪಗಾಗಿತ್ತು. ನೆಂಟರ ಮದುವೆಯಲ್ಲಿ ಒಬ್ಬರು, "ಏನ್ ಮಾರಾಯಾ, ಟೊಮೆಟೊ ಹಣ್ಣಾಗಿದೀಯಲ್ಲ" ಅಂದಾಗ ಹೊಗಳಿದರು ಅಂತ ಖುಷಿಪಟ್ಟಿದ್ದೆ.

ಗಣಪತಿ ಹಬ್ಬದ ವೇಳೆ ಊರಿನಲ್ಲಿ ರಕ್ತದಾನ ಶಿಬಿರ ಇತ್ತು. ಪ್ರತಿ ವರ್ಷ ಹೋಗಬೇಕು ಅಂದುಕೊಂಡು ಕೊಯ್ಲು, ಮದುವೆ, ತಿಥಿ ಅಂತ ತಪ್ಪಿಸಿಕೊಳ್ಳುತ್ತಿದ್ದವನು ಈ ಸಲ ಹೋದೆ. ಬೆರಳು ಚುಚ್ಚಿ ಒಂದು ಹನಿಯನ್ನು ನೀಲಿ ನೀರಿಗೆ ಬಿಡುತ್ತಾರೆ. ಆ ನೀಲಿ ಏನು ಗೊತ್ತಾ? ನಮ್ಮದೇ ಮೈಲುತುತ್ತ! ಹನಿ 15 ಸೆಕೆಂಡಿನೊಳಗೆ ಮುಳುಗಿದರೆ ಹಿಮೋಗ್ಲೋಬಿನ್ 12.5ಕ್ಕಿಂತ ಮೇಲಿದೆ, ರಕ್ತ ಕೊಡಬಹುದು ಅಂತ ಲೆಕ್ಕ. ನನ್ನದು ಬಾವಿಗೆ ಬಿದ್ದ ಕಲ್ಲಿನ ಹಾಗೆ ನೇರ ತಳಕ್ಕೆ ಹೋಯಿತು. ಅಲ್ಲಿದ್ದ ಹುಡುಗಿ ನನ್ನ ಮುಖ ನೋಡಿದಳು, ಅಂಗೈ ತಿರುಗಿಸಿ ನೋಡಿದಳು, ಆಮೇಲೆ ಮೀಟರಿನಲ್ಲಿ ಇನ್ನೊಂದು ಸಲ ನೋಡಿದಳು. 19.6. "ಸರ್, ಇವತ್ತು ನಿಮ್ಮ ರಕ್ತ ತಗೋಳ್ಳೋಕೆ ಆಗಲ್ಲ. ಮೊದಲು ಡಾಕ್ಟ್ರಿಗೆ ತೋರಿಸಿ" ಅಂದಳು. ಜಾಸ್ತಿ ಇದ್ದರೆ ಒಳ್ಳೇದಲ್ವಾ ಅಂತ ಕೇಳಿದೆ. ಅವಳು ನಗಲಿಲ್ಲ. ಈ ಇಡೀ ಕಥೆಯಲ್ಲಿ ನನಗೆ ಅತಿ ದೊಡ್ಡ ಉಪಕಾರ ಮಾಡಿದವಳು ಅವಳು, ಹೆಸರೂ ಕೇಳಲಿಲ್ಲ.

ಮರುದಿನ ಸಿಬಿಸಿ, ಅಂದರೆ ರಕ್ತದ ಕಣಗಳ ಲೆಕ್ಕದ ಪರೀಕ್ಷೆ, ಮಾಡಿಸಿದೆ. ಹಾಳೆ ತುಂಬ ಅಂಕಿ. ನಮ್ಮ ತೀರ್ಥಹಳ್ಳಿಯ ಹಳೇ ಡಾಕ್ಟರು ಪೆನ್ನಿನಲ್ಲಿ ಒಂದೇ ಸಾಲಿಗೆ ಸುತ್ತು ಹಾಕಿದರು. ಪಿಸಿವಿ 58.4. ಹೆಮಟೋಕ್ರಿಟ್ ಅಂದರೂ ಅದೇ, ಕೆಲವು ಲ್ಯಾಬಿನವರು ಎಚ್‌ಸಿಟಿ ಅಂತ ಹಾಕುತ್ತಾರೆ. ನೂರು ಪಾಲು ರಕ್ತದಲ್ಲಿ ಕೆಂಪು ಕಣಗಳದ್ದು ಎಷ್ಟು ಪಾಲು ಅನ್ನುವ ಲೆಕ್ಕ. ಗಂಡಸರಿಗೆ ಸುಮಾರು 40ರಿಂದ 50, ಹೆಂಗಸರಿಗೆ 36ರಿಂದ 46. ಹಿಮೋಗ್ಲೋಬಿನ್ನನ್ನು ಮೂರರಿಂದ ಗುಣಿಸಿದರೆ ಹೆಚ್ಚುಕಮ್ಮಿ ಪಿಸಿವಿ ಬರಬೇಕಂತೆ. ನನ್ನದು 19.4, ಗುಣಿಸಿದರೆ 58.2. "ಮಷೀನು ತಪ್ಪು ತೋರಿಸಿರಬಹುದು ಅನ್ನೋ ಆಸೆ ಬಿಡಿ" ಅಂದರು.

ಹಾಗಂತ ಕೂಡಲೇ ಕಾಯಿಲೆ ಅಂತಲೂ ಹೇಳಲಿಲ್ಲ. ಅವರು ಕೊಟ್ಟ ಹೋಲಿಕೆ ನನ್ನ ತಲೆಯಲ್ಲಿ ಗಟ್ಟಿಯಾಗಿ ಕೂತಿದೆ. "ಅಡಿಕೆ ಬೇಯಿಸೋ ಚೊಗರು ಯಾವಾಗ ದಪ್ಪ ಆಗುತ್ತೆ? ಒಳಗಿನ ಸರಕು ಜಾಸ್ತಿ ಆದರೂ ಆಗುತ್ತೆ, ನೀರು ಆರಿಹೋದರೂ ಆಗುತ್ತೆ. ನಿಮ್ಮದು ಯಾವುದು ಅಂತ ಮೊದಲು ನೋಡೋಣ." ಭೇದಿ, ವಾಂತಿ, ಸರಿಯಾಗಿ ನೀರು ಕುಡಿಯದಿರುವುದು, ಇವೆಲ್ಲ ಪಿಸಿವಿ ಏರಿಸುತ್ತವೆ. ಡೆಂಗ್ಯೂ ಬಂದಾಗ ದಿನಾ ಪಿಸಿವಿ ನೋಡುವುದೂ ಇದಕ್ಕೇ. ರಕ್ತದ ನೀರಿನ ಅಂಶ ನಾಳದಿಂದ ಹೊರಗೆ ಸೋರುತ್ತದೆ, ಕಣಗಳು ಒಳಗೇ ಉಳಿಯುತ್ತವೆ. ಮೊದಲಿದ್ದದ್ದಕ್ಕಿಂತ ಶೇಕಡಾ 20ರಷ್ಟು ಏರಿತು ಅಂದರೆ ಡಾಕ್ಟರಿಗೆ ಗಾಬರಿ. ಅದೂ ಜ್ವರ ಇಳಿಯುವ ಹೊತ್ತಿಗೇ ಸೋರಿಕೆ ಜೋರಾಗುತ್ತದಂತೆ. ನಾವು ಮಾತ್ರ ಜ್ವರ ಬಿಟ್ಟಿತು ಅಂತ ಮನೆಗೆ ಹೊರಡಲು ಗಡಿಬಿಡಿ ಮಾಡುತ್ತೇವೆ, ಪ್ಲೇಟ್‌ಲೆಟ್ ಎಷ್ಟು ಅಂತ ಮಾತ್ರ ಕೇಳುತ್ತೇವೆ.

ನಾಲ್ಕು ದಿನ ಚೆನ್ನಾಗಿ ನೀರು ಕುಡಿದು ಶಿವಮೊಗ್ಗದ ಒಂದು ಸಣ್ಣ ಲ್ಯಾಬಿಗೆ ಹೋದೆ. ಡಾಕ್ಟರೇ ಹೇಳಿ ಕಳಿಸಿದ್ದರು, ಅಲ್ಲಿ ಈಗಲೂ ಕೈಯಲ್ಲಿ ಪಿಸಿವಿ ನೋಡುತ್ತಾರೆ ಅಂತ. ಈಗಿನ ಮಷೀನು ಪಿಸಿವಿಯನ್ನು ನೇರವಾಗಿ ಅಳೆಯುವುದಿಲ್ಲವಂತೆ. ಕೆಂಪು ಕಣ ಎಷ್ಟಿವೆ, ಒಂದೊಂದು ಎಷ್ಟು ದಪ್ಪ ಅಂತ ನೋಡಿ ಗುಣಿಸಿ ಹೇಳುತ್ತದೆ. ಇಲ್ಲಿ ಹಾಗಲ್ಲ, ಕಣ್ಣಿಗೇ ಕಾಣುತ್ತದೆ. ಲ್ಯಾಬಿನ ಹುಡುಗ, "ನೋಡ್ತೀರಾ ಅಣ್ಣಾ?" ಅಂತ ಪಕ್ಕದಲ್ಲೇ ಕೂರಿಸಿಕೊಂಡ. ಕಸಬರಿಗೆ ಕಡ್ಡಿಯಷ್ಟು ಸಪೂರದ ಗಾಜಿನ ಕೊಳವೆ, ಏಳೂವರೆ ಸೆಂಟಿಮೀಟರ್ ಉದ್ದ. ರಕ್ತಕ್ಕೆ ತಾಗಿಸಿದರೆ ಸಾಕು, ತಾನಾಗೇ ಏರುತ್ತದೆ. ಮುಕ್ಕಾಲು ತುಂಬಿದ ಮೇಲೆ ಒಂದು ತುದಿಯನ್ನು ಮೇಣದಂಥ ಮಣ್ಣಿಗೆ ಒತ್ತಿ ಮುಚ್ಚಿದ. ಒಂದರಲ್ಲಿ ಹೆಚ್ಚುಕಮ್ಮಿ ಆದರೆ ಗೊತ್ತಾಗಲಿ ಅಂತ ಎರಡು ಕೊಳವೆ ಮಾಡಿದ. ಎದುರುಬದುರು ಇಟ್ಟು ಮುಚ್ಚಳ ಬಿಗಿದು ತಿರುಗಿಸಿದ. ನಿಮಿಷಕ್ಕೆ 12 ಸಾವಿರ ಸುತ್ತು, ಐದು ನಿಮಿಷ. ಹಿಟ್ಟಿನ ಗಿರಣಿ ದೂರದಲ್ಲಿ ಓಡಿದ ಹಾಗೆ ಶಬ್ದ.

ಹೊರಗೆ ತೆಗೆದಾಗ ಕೊಳವೆಯಲ್ಲಿ ಮೂರು ಭಾಗ ಆಗಿತ್ತು. ಕೆಳಗೆ ಕಡುಗೆಂಪು, ಅದರ ಮೇಲೆ ದಾರದಷ್ಟು ತೆಳ್ಳಗಿನ ಬಿಳಿ ಗೆರೆ, ಮೇಲೆ ಹುಲ್ಲಿನ ಬಣ್ಣದ ತಿಳಿ. ಬಿಳಿ ಗೆರೆಯಲ್ಲಿ ಬಿಳಿ ಕಣ, ಪ್ಲೇಟ್‌ಲೆಟ್ ಇರುತ್ತವೆ, ಅದನ್ನು ಲೆಕ್ಕಕ್ಕೆ ಹಿಡಿಯಬಾರದು, ಕೆಂಪು ಮುಗಿಯುವ ಜಾಗಕ್ಕೇ ಅಳತೆ ಅಂದ. ಪಕ್ಕದಲ್ಲಿ ಬೇರೆ ಯಾರದ್ದೋ ಕೊಳವೆ ಇತ್ತು, ಅದರಲ್ಲಿ ಕೆಂಪು ಅರ್ಧಕ್ಕೂ ಬಂದಿರಲಿಲ್ಲ. ನನ್ನದರಲ್ಲಿ ತಿಳಿ ಅನ್ನುವುದೇ ಸ್ವಲ್ಪ. ಅಳತೆಪಟ್ಟಿಗೆ ಹಿಡಿದು ಓದಿದ, 59. ಕಣಗಳ ನಡುವೆ ಚೂರು ನೀರು ಸಿಕ್ಕಿಕೊಳ್ಳುವುದರಿಂದ ಕೈ ಲೆಕ್ಕ ಮಷೀನಿಗಿಂತ ಒಂದೆರಡು ಜಾಸ್ತಿ ಬರುತ್ತದೆ ಅಂತಲೂ ಹೇಳಿದ. 80 ರೂಪಾಯಿ ತಗೊಂಡ. ಹಾಳೆಯ ಮೇಲಿನ ಅಂಕಿ ನನಗೆ ಹೆದರಿಕೆ ಹುಟ್ಟಿಸಿರಲಿಲ್ಲ. ಆ ಕೊಳವೆ ಹುಟ್ಟಿಸಿತು.

ರಕ್ತ ಕೊಡುವಾಗ ಕೆಲವು ವಿಷಯ ನೆನಪಿಡಿ, ಇವೆಲ್ಲ ಆ ಹುಡುಗನೇ ಹೇಳಿದ್ದು. ತೋಳಿಗೆ ಪಟ್ಟಿ ಬಿಗಿದು ಬಹಳ ಹೊತ್ತು ಬಿಟ್ಟರೆ ಪಿಸಿವಿ ಸುಳ್ಳೇ ಏರುತ್ತದೆ. ಸಲೈನ್ ಹಾಕಿದ ಕೈಯಿಂದಲೇ ರಕ್ತ ತೆಗೆದರೆ ಸುಳ್ಳೇ ಇಳಿಯುತ್ತದೆ. ನೇರಳೆ ಮುಚ್ಚಳದ ಟ್ಯೂಬಿಗೆ ಗೆರೆಯವರೆಗೆ ರಕ್ತ ತುಂಬಬೇಕು, ಕಮ್ಮಿ ಹಾಕಿದರೆ ಒಳಗಿನ ರಾಸಾಯನಿಕ ಜಾಸ್ತಿಯಾಗಿ ಕಣ ಮುದುಡುತ್ತವೆ. ಪ್ರತಿ ಸಲ ಒಂದೇ ಲ್ಯಾಬಿಗೆ ಹೋಗಿ. ನಾನು ಒಮ್ಮೆ ಬೇರೆ ಕಡೆ ಮಾಡಿಸಿದಾಗ ವರದಿಯಲ್ಲಿ 0.57 ಅಂತ ಬಂದಿತ್ತು. ರಕ್ತವೇ ಇಲ್ಲವಲ್ಲ ಅಂತ ಬಸ್‌ಸ್ಟ್ಯಾಂಡಿನಲ್ಲಿ ಬೆವೆತುಬಿಟ್ಟೆ. ಅವರು ಶೇಕಡಾ ಬಿಟ್ಟು ಒಂದರಲ್ಲಿ ಎಷ್ಟು ಪಾಲು ಅಂತ ಬರೆದಿದ್ದರು, ಅಷ್ಟೇ.

ಹಳೇ ವರದಿ ಇದ್ದರೆ ತನ್ನಿ ಅಂದಿದ್ದರು ಡಾಕ್ಟರು. ಎರಡು ವರ್ಷದ ಹಿಂದೆ ಅಡಿಕೆ ಮರದ ದಬೆಯ ಮೇಲೆ ಜಾರಿ ಬಿದ್ದು ಕಾಲು ಮುರಿದುಕೊಂಡಾಗ ಮಾಡಿಸಿದ್ದ ಫೈಲು ಅಟ್ಟದಿಂದ ತೆಗೆದೆ. ಪಿಸಿವಿ 51.6. ಪಕ್ಕದಲ್ಲಿ ಜಾಸ್ತಿ ಅನ್ನುವ ಗುರುತೂ ಇತ್ತು, ದಪ್ಪ ಅಕ್ಷರದಲ್ಲಿ. ಆಗ ನೋಡಿದ ಡಾಕ್ಟರು ಆ ಬಗ್ಗೆ ಮಾತೇ ಎತ್ತಿರಲಿಲ್ಲ. ನಾನೂ ನೋಡಿರಲಿಲ್ಲ. ಸಿಟ್ಟು ಬಂತು, ಆಮೇಲೆ ಯಾರ ಮೇಲೆ ಅಂತ ಗೊತ್ತಾಗದೆ ಸುಮ್ಮನಾದೆ.

ನೀರಿನ ಕೊರತೆ ಅಲ್ಲ ಅಂತಾಯಿತು. ಮುಂದಿನ ಪ್ರಶ್ನೆ, ಮೈಗೆ ಬೇಕಾಗಿ ಕಣ ಜಾಸ್ತಿ ಆಗಿವೆಯಾ, ಬೇಡದೆ ಆಗಿವೆಯಾ? ಆಮ್ಲಜನಕ ಸಾಲದಿದ್ದರೆ ಮೂತ್ರಪಿಂಡ ಎರಿತ್ರೋಪೊಯೆಟಿನ್ ಅನ್ನುವ ಹಾರ್ಮೋನು ಬಿಟ್ಟು ಕಣ ಮಾಡಿಸುತ್ತದೆ. ಬೀಡಿ ಸೇದುತ್ತೀರಾ? ಇಲ್ಲ. ನಿದ್ದೆಯಲ್ಲಿ ಗೊರಕೆ ಹೊಡೆದು ಉಸಿರು ಕಟ್ಟುತ್ತದಾ? ಗೊರಕೆ ಇದೆ, ಉಸಿರು ಕಟ್ಟಲ್ಲ ಅಂತ ಹೆಂಡತಿ ಸಾಕ್ಷಿ ಹೇಳಿದಳು. ಬೆರಳಿಗೆ ಕ್ಲಿಪ್ಪು ಹಾಕಿ ಆಮ್ಲಜನಕ ನೋಡಿದರು, 97. ಗುಡ್ಡದ ಮೇಲೆ ಇರುವವರಿಗೆ ಜಾಸ್ತಿ ಇರುತ್ತದೆ ಅಂತ ಎಲ್ಲೋ ಓದಿದ್ದೆ, ನಮ್ಮದೂ ಮಲೆನಾಡಲ್ವಾ ಅಂದೆ. ಡಾಕ್ಟರು ನಕ್ಕರು. "ಆಗುಂಬೆ 650 ಮೀಟರ್ ಮಾರಾಯ್ರೇ. ಲೇಹ್ 3,500. ನಮ್ಮ ಗುಡ್ಡ ಇದಕ್ಕೆಲ್ಲ ಸಾಲದು." ಹೊಟ್ಟೆಯ ಸ್ಕ್ಯಾನಿಂಗಿನಲ್ಲಿ ಮೂತ್ರಪಿಂಡ ಸರಿ ಇತ್ತು, ಗುಲ್ಮ ಸ್ವಲ್ಪ ದೊಡ್ಡದಾಗಿತ್ತು. ಅದನ್ನು ನೋಡಿದ ಮೇಲೆ, ರಕ್ತದ ಕಾಯಿಲೆಯ ತಜ್ಞರನ್ನೇ ನೋಡಬೇಕು ಅಂತ ಚೀಟಿ ಬರೆದು ಘಟ್ಟದ ಕೆಳಗೆ ಕಳಿಸಿದರು.

ಅಲ್ಲಿ ಎರಡು ಪರೀಕ್ಷೆಗೆ ರಕ್ತ ತೆಗೆದರು. ಒಂದು ಆ ಹಾರ್ಮೋನಿನದ್ದು, 1,900 ರೂಪಾಯಿ. ಇನ್ನೊಂದು ಜಾಕ್2 ಅನ್ನುವ ಜೀನಿನದ್ದು, 6,500. ಎರಡೂ ಬೇರೆ ಊರಿಗೆ ಹೋಗಬೇಕು. ಆರನೇ ದಿನ ಫೋನು ಬಂತು, ಮೊದಲನೇ ಸ್ಯಾಂಪಲ್ಲಿನಲ್ಲಿ ಕಣ ಒಡೆದುಹೋಗಿದೆ, ಮತ್ತೆ ಬನ್ನಿ ಅಂತ. ಮತ್ತೆ ಆಗುಂಬೆ ಘಾಟಿ ಇಳಿದೆವು. ಕೊಯ್ಲು ಶುರುವಾಗಿತ್ತು, ಮರ ಹತ್ತಿ ಅಡಿಕೆ ಗೊನೆ ಇಳಿಸುವ ಕೊನೆಗೌಡ ಸಿಗುವುದೇ ಕಷ್ಟ. ಅವನು ಬಂದ ದಿನ ನಾನಿಲ್ಲ, ನಾನಿದ್ದ ದಿನ ಅವನಿಲ್ಲ. ಆಸ್ಪತ್ರೆಯ ಮೆಟ್ಟಿಲಲ್ಲಿ ಹೆಂಡತಿ ಎರಡು ಸಲ ಕೂತು ಸುಧಾರಿಸಿಕೊಂಡಳು. ಕಾರಿನಲ್ಲಿ ಬಂದು ತಲೆ ಸುತ್ತಿರಬೇಕು ಅಂತ ನಾನು ಅಂದುಕೊಂಡೆ.

ಹನ್ನೆರಡು ದಿನ ಕಾದ ಮೇಲೆ ಎರಡೂ ಬಂದವು. ಹಾರ್ಮೋನು ಕನಿಷ್ಠಕ್ಕಿಂತ ಕಮ್ಮಿ. ಅಂದರೆ ಕಣ ಬೇಕು ಅಂತ ಮೈ ಕೇಳುತ್ತಿಲ್ಲ, ಮೂಳೆಯೊಳಗಿನ ಮಜ್ಜೆ ತನ್ನ ಪಾಡಿಗೆ ತಾನು ಕಣ ಮಾಡುತ್ತಿದೆ. ಜಾಕ್2 ಜೀನಿನಲ್ಲಿ ಬದಲಾವಣೆ ಇದೆ ಅಂತ ಬಂದಿತ್ತು. ಕಾಯಿಲೆಯ ಹೆಸರು ಪಾಲಿಸೈಥೀಮಿಯಾ ವೆರಾ. ಈ ಕಾಯಿಲೆ ಇರುವ ನೂರರಲ್ಲಿ 95ಕ್ಕೂ ಹೆಚ್ಚು ಜನರಲ್ಲಿ ಈ ಜೀನಿನ ಬದಲಾವಣೆ ಸಿಗುತ್ತದಂತೆ, ಅದು ಗೊತ್ತಾಗಿದ್ದೇ 2005ರಲ್ಲಿ. ಬಿಸಿನೀರಿನ ಸ್ನಾನದ ತುರಿಕೆ ಇದರ ಹೆಸರುವಾಸಿ ಲಕ್ಷಣ ಅಂದಾಗ ನಾನು ಹೆಂಡತಿ ಮುಖ ನೋಡಿದೆ. ಎರಡು ತಿಂಗಳು ಮುಲಾಮು ಹಚ್ಚಿದ್ದು ಅವಳೇ.

ಆಮೇಲೆ ಡಾಕ್ಟರು, ಇದನ್ನು ಪುಸ್ತಕದಲ್ಲಿ ರಕ್ತದ ಕ್ಯಾನ್ಸರುಗಳ ಪಟ್ಟಿಯಲ್ಲಿ ಸೇರಿಸುತ್ತಾರೆ ಅಂದರು. ನಿಧಾನದ್ದು, ಸರಿಯಾಗಿ ನೋಡಿಕೊಂಡರೆ ಬಹಳ ವರ್ಷ ಬದುಕಬಹುದು ಅಂತಲೂ ಹೇಳಿದರು. ಆದರೆ ಮೊದಲನೇ ಮಾತು ಕೇಳಿದ ಮೇಲೆ ಎರಡನೆಯದು ಕಿವಿಗೆ ಬಿದ್ದಿರಲಿಲ್ಲ. ಹೆಂಡತಿ ಮನೆಯಲ್ಲಿ ಹೇಳಿದ ಮೇಲೇ ಗೊತ್ತಾಗಿದ್ದು. ವಾಪಸು ಬರುವಾಗ ಘಾಟಿಯಲ್ಲಿ ಮಂಜು, ಎದುರಿನ ಗಾಡಿ ಕಾಣುತ್ತಿರಲಿಲ್ಲ. ಇಬ್ಬರೂ ಮಾತಾಡಲಿಲ್ಲ. ನಿಮಗೂ ಇಂಥ ದಿನ ಬಂದರೆ ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗಿ, ಕೇಳಿಸಿಕೊಳ್ಳಲಿಕ್ಕಾದರೂ.

ನನ್ನ ಅಂಕಿಗಳು ಅಷ್ಟು ಜಾಸ್ತಿ ಇದ್ದುದರಿಂದ ಮೂಳೆ ಮಜ್ಜೆ ಪರೀಕ್ಷೆ ಇಲ್ಲದೆಯೂ ಕಾಯಿಲೆ ಇದೇ ಅಂತ ಹೇಳಬಹುದಿತ್ತು. ಮಜ್ಜೆಯಲ್ಲಿ ನಾರು ಕಟ್ಟಿದೆಯಾ ಅಂತ ಈಗಲೇ ನೋಡಿಟ್ಟುಕೊಂಡರೆ ಮುಂದಕ್ಕೆ ಹೋಲಿಸಲು ಆಗುತ್ತದೆ ಅಂತ ಮಾಡಿದರು. ಸೊಂಟದ ಮೂಳೆಗೆ ಸೂಜಿ, 9,000 ರೂಪಾಯಿ. ಮರಗಟ್ಟಿಸುತ್ತಾರೆ, ಆದರೂ ಒಳಗಿನಿಂದ ಎಳೆಯುವ ಹೊತ್ತಿಗೆ ಪ್ರಾಣ ಬಾಯಿಗೆ ಬರುತ್ತದೆ. ಹತ್ತು ಸೆಕೆಂಡು, ಅಷ್ಟೇ. ನಾರು ಇರಲಿಲ್ಲ.

ಚಿಕಿತ್ಸೆ ಕೇಳಿದರೆ ನಗು ಬರುತ್ತದೆ. ರಕ್ತ ತೆಗೆದು ಚೆಲ್ಲುವುದು. ಇಂಬಳ (ಜಿಗಣೆ) ಕಚ್ಚಿಸಿಕೊಂಡರೆ ಆಗಲ್ವಾ ಅಂತ ಕೇಳಿಯೇಬಿಟ್ಟೆ. ಒಂದು ಸಲಕ್ಕೆ 350 ಮಿಲಿಲೀಟರ್ ಹೋಗಬೇಕು, ತೋಟದ ಇಂಬಳವೆಲ್ಲ ಸೇರಿದರೂ ಹೊತ್ತು ಹಿಡಿಯುತ್ತದೆ ಅಂದರು. ಪಿಸಿವಿ 45ರ ಕೆಳಗೆ ಬರಬೇಕು, ಅಲ್ಲೇ ಇರಬೇಕು. 46, 47 ಆದರೆ ಏನು ಮಹಾ ಅಂದೆ. ಇಟಲಿಯಲ್ಲಿ 365 ರೋಗಿಗಳನ್ನು ಎರಡು ಗುಂಪು ಮಾಡಿ ನೋಡಿದ್ದಾರೆ, 2013ರಲ್ಲಿ ಅದು ಪ್ರಕಟವಾಗಿದೆ, 45ರಿಂದ 50ರ ನಡುವೆ ಬಿಟ್ಟವರಲ್ಲಿ ಹೃದಯ, ರಕ್ತನಾಳದ ಸಾವು ಮತ್ತು ದೊಡ್ಡ ಹೆಪ್ಪುಗಟ್ಟುವಿಕೆ ಸುಮಾರು ನಾಲ್ಕು ಪಟ್ಟು ಜಾಸ್ತಿ ಇತ್ತು ಅಂತ ವಿವರಿಸಿದರು. ದಪ್ಪ ರಕ್ತ ನಿಧಾನ ಹರಿದು ಎಲ್ಲಾದರೂ ಹೆಪ್ಪುಗಟ್ಟಿದರೆ ಲಕ್ವ, ಹೃದಯಾಘಾತ. ನನಗೆ 60 ಆಗಿಲ್ಲ, ಮೊದಲು ಹೆಪ್ಪುಗಟ್ಟಿದ್ದೂ ಇಲ್ಲ, ಹಾಗಾಗಿ ರಕ್ತ ತೆಗೆಯುವುದು ಮತ್ತು ಸಣ್ಣ ಆಸ್ಪಿರಿನ್ ಮಾತ್ರೆ ಸಾಕು ಅಂದರು. 60 ದಾಟಿದವರಿಗೆ, ಮೊದಲೇ ಹೆಪ್ಪುಗಟ್ಟಿದವರಿಗೆ ಕಣ ತಗ್ಗಿಸುವ ಬೇರೆ ಮಾತ್ರೆ ಇದೆ.

ಪ್ರತಿ ವಾರ ಘಟ್ಟ ಇಳಿಯುವುದು ಬೇಡ ಅಂತ ಮೇಲೇ ಜಾಗ ಹುಡುಕಿದೆ. ಇಲ್ಲೇ ನಿಜವಾದ ಅಡ್ಡಿ. ಮೊದಲು ಕೇಳಿದ ರಕ್ತನಿಧಿಯವರು, ನಾವು ದಾನಿಗಳ ರಕ್ತ ಮಾತ್ರ ತೆಗೆಯುವುದು ಅಂದರು. ಎರಡನೆಯವರು ಒಪ್ಪಿದರು, ಆದರೆ ಡಾಕ್ಟರ ಪತ್ರ ಬೇಕು. ಪತ್ರ ಇತ್ತು. ಎಷ್ಟು ಮಿಲಿಲೀಟರ್ ಅಂತ ಅದರಲ್ಲಿ ಬರೆದಿರಲಿಲ್ಲ. ವಾಟ್ಸ್ಆ್ಯಪಿನಲ್ಲಿ ತರಿಸಿದ್ದು ನಡೆಯುವುದಿಲ್ಲ, ಸೀಲಿರುವ ಮೂಲ ಪತ್ರವೇ ಆಗಬೇಕು. ಮೂರು ದಿನ ಹಾಳು. ನೀವು ಮೊದಲೇ ಹೇಳಿ ಬರೆಸಿಕೊಳ್ಳಿ: ಕಾಯಿಲೆಯ ಹೆಸರು, ಚಿಕಿತ್ಸೆಗಾಗಿ ರಕ್ತ ತೆಗೆಯಬೇಕು ಅನ್ನುವ ಮಾತು, ಪ್ರಮಾಣ, ಎಷ್ಟು ದಿನಕ್ಕೊಮ್ಮೆ, ಎಷ್ಟು ಪಿಸಿವಿ ಬಂದರೆ ನಿಲ್ಲಿಸಬೇಕು, ಸಹಿ, ಸೀಲು. ಮೂರು ಜೆರಾಕ್ಸ್ ಇಟ್ಟುಕೊಳ್ಳಿ.

ಮೊದಲ ದಿನ ಅರ್ಧ ಚೀಲ ತುಂಬುವ ಮೊದಲೇ ನಿಂತುಹೋಯಿತು. ಸೂಜಿಯಲ್ಲೇ ಕಟ್ಟಿಕೊಂಡಿತ್ತು. ಇನ್ನೊಂದು ಕೈಗೆ ಚುಚ್ಚಿದರು. ನಂತರದ ವಾರಗಳಲ್ಲಿ ಬೆಳಿಗ್ಗೆ ಎರಡು ಕಡುಬು ತಿಂದು, ಒಂದು ಲೀಟರ್ ನೀರು ಕುಡಿದು, ಸ್ವೆಟರ್ ಹಾಕಿಕೊಂಡು ಹೋಗುತ್ತಿದ್ದೆ. ಕೈ ಬೆಚ್ಚಗಿದ್ದರೆ ಚೆನ್ನಾಗಿ ಹರಿಯುತ್ತದೆ. ಚೀಲ ತಕ್ಕಡಿಯ ಮೇಲೆ ತೊಟ್ಟಿಲಿನ ಹಾಗೆ ತೂಗುತ್ತಿರುತ್ತದೆ. ತುಂಬಿದ ಮೇಲೆ ಅದನ್ನು ಹಳದಿ ಕವರಿಗೆ ಹಾಕಿದರು. ಇದನ್ನು ಯಾರಿಗೂ ಕೊಡೋಕಾಗಲ್ವಾ ಅಂತ ಕೇಳಿದೆ. ಇಲ್ಲ. ಹೊರಗೆ ಬೆಂಚಿನಲ್ಲಿ ಒಬ್ಬ ಹುಡುಗ ಅಮ್ಮನ ಆಪರೇಷನ್ನಿಗೆ ರಕ್ತಕ್ಕಾಗಿ ಫೋನಿನ ಮೇಲೆ ಫೋನು ಮಾಡುತ್ತಿದ್ದ. ಅವತ್ತು ಊಟ ಸೇರಲಿಲ್ಲ.

ಏಳು ವಾರ, ಏಳು ಚೀಲ, ಚೀಲಕ್ಕೆ 700 ರೂಪಾಯಿ. 58ರಿಂದ 55.8, ಹೀಗೆ ಎರಡೆರಡೇ ಇಳಿಯಿತು. ಕೊನೆಕೊನೆಗೆ ಸುಸ್ತು ಜಾಸ್ತಿ ಆಯಿತು. ರಕ್ತದ ಜೊತೆ ಕಬ್ಬಿಣದ ಅಂಶವೂ ಹೋಗುತ್ತದೆ, ಚಿಕಿತ್ಸೆಗೆ ಅದೂ ಬೇಕು, ಮಜ್ಜೆಗೆ ಸಾಮಾನು ಸಿಗದೆ ಕೆಲಸ ತಗ್ಗುತ್ತದೆ. ಸುಸ್ತು ಅಂತ ಮೆಡಿಕಲ್ ಶಾಪಿನಿಂದ ಕಬ್ಬಿಣದ ಟಾನಿಕ್ ತಂದು ಕುಡಿಯಬೇಡಿ ಅಂತ ಡಾಕ್ಟರು ಮೂರು ಸಲ ಹೇಳಿದರು. ಅತ್ತೆ ದಿನಾ ಬೀಟ್‌ರೂಟ್ ರಸ ಮಾಡಿ ಇಡುತ್ತಿದ್ದರು. ಇಷ್ಟೊಂದು ರಕ್ತ ತೆಗೀತಾರಲ್ಲಪ್ಪ ಅಂತ ಅವರಿಗೆ ಸಂಕಟ. ಲೋಟ ಹೆಂಡತಿಗೆ ದಾಟಿಸುತ್ತಿದ್ದೆ.

ಒಟ್ಟು ಖರ್ಚು 41 ಸಾವಿರದ ಹತ್ತಿರ. ಅದರಲ್ಲಿ 12 ಸಾವಿರ ನಾಲ್ಕು ಸಲ ಘಟ್ಟ ಇಳಿದ ಕಾರಿನ ಬಾಡಿಗೆ. ಮುಂದೆ ಎರಡು ತಿಂಗಳಿಗೊಮ್ಮೆ ಸಿಬಿಸಿ, 45 ದಾಟಿದರೆ ಮತ್ತೆ ಒಂದು ಚೀಲ. ತಲೆನೋವು ಹೋಗಿದೆ. ತುರಿಕೆ ಪೂರ್ತಿ ಹೋಗಿಲ್ಲ, ಹಂಡೆ ನೀರಿಗೆ ತಣ್ಣೀರು ಬೆರೆಸಿಕೊಳ್ಳುತ್ತೇನೆ. ನೀರು ಸುರಿದುಕೊಂಡಿದ್ದೇ ಗೊತ್ತಾಗುವುದಿಲ್ಲ, ಏನು ಸ್ನಾನವೋ.

ಮೊನ್ನೆ ವರದಿಗಳನ್ನೆಲ್ಲ ಒಂದು ಫೈಲಿಗೆ ಹಾಕುವಾಗ ಹೆಂಡತಿಯದ್ದೊಂದು ಹಾಳೆ ಸಿಕ್ಕಿತು. ಹೋದ ಬೇಸಿಗೆಯಲ್ಲಿ ಜ್ವರ ಬಂದಾಗ ಮಾಡಿಸಿದ್ದು. ಅಭ್ಯಾಸಬಲ, ಕಣ್ಣು ಆ ಸಾಲಿಗೇ ಹೋಯಿತು. ಪಿಸಿವಿ 29.8, ಪಕ್ಕದಲ್ಲಿ ಕಮ್ಮಿ ಅನ್ನುವ ಗುರುತು. ಕರೆದು ತೋರಿಸಿದೆ. "ನಂಗೆ ಮೊದಲಿಂದಾನೂ ಹಾಗೇ ಕಣ್ರೀ" ಅಂದು ಒಲೆ ಕಡೆ ಹೋದಳು. ನಾಳೆ ಎಂಟೂವರೆ ಬಸ್ಸಿಗೆ ಅವಳನ್ನು ಕರೆದುಕೊಂಡು ಅದೇ ಸಣ್ಣ ಲ್ಯಾಬಿಗೆ ಹೋಗುತ್ತಿದ್ದೇನೆ.